ಕೆಂಪು ಬಾಣ ಹಚ್ಚಿದ ದಾರಿ

‘ದಿನಾ ನಡೀರಿ’ ಅಂತ ಜನರಿಗೆ ಹೇಳುವುದು ನನ್ನ ಕೆಲಸ. ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿ ನಾನು ಕೌನ್ಸೆಲರ್. ವಾರದಲ್ಲಿ ಕೆಲವು ದಿನ ಭಟ್ಕಳ, ಕೆಲವು ದಿನ ಹೊನ್ನಾವರ, ಉಳಿದದ್ದು ಕುಮಟೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಕೋಣೆಯ ಪಕ್ಕದಲ್ಲಿ ನನಗೊಂದು ಮೇಜು ಹಾಕಿರುತ್ತಾರೆ. ಡಾಕ್ಟರು ಮಾತ್ರೆಗಳನ್ನೆಲ್ಲ ಬರೆದಾದ ಮೇಲೆ ಚೀಟಿಯ ಕೆಳಗೆ ‘ನಡಿಗೆ’ ಅಂತ ಗೀಚಿ ಪೇಶಂಟನ್ನು ನನ್ನ ಕಡೆ ಕಳಿಸುತ್ತಾರೆ. ಆ ಒಂದು ಶಬ್ದವನ್ನು ಬಿಡಿಸಿ ಹೇಳುವುದಕ್ಕೆ ನನಗೆ ಸಂಬಳ.

ಮೊದಲೆಲ್ಲ ಜನ ತಲೆಯಾಡಿಸಿ ಹೋಗುತ್ತಿದ್ದರು. ಹೆದ್ದಾರಿ ಅಗಲವಾದ ಮೇಲೆ ತಿರುಗಿ ಕೇಳಲು ಶುರು ಮಾಡಿದರು, ಎಲ್ಲಿ ನಡೆಯೂದು ಅಂತ. ಶಿರಾಲಿಯ ಅಂಗಡಿಯವರೊಬ್ಬರು, ಎದುರು ಬದಿಯ ಹೋಟೆಲಿಗೆ ಚಾ ಕುಡಿಯಲು ಹೋಗಬೇಕಾದರೂ ತಾನು ಬೈಕ್ ತೆಗೆಯುತ್ತೇನೆ, ನಡೆದು ದಾಟಲು ಧೈರ್ಯ ಸಾಲುವುದಿಲ್ಲ ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಆ ಮನುಷ್ಯನಿಗೆ ಬೊಜ್ಜು ಕರಗಿಸಿ ಅಂತ ಹೇಳಲು ಕೂತವಳು ನಾನು.

ಹೀಗಿರುವಾಗ ನಮ್ಮ ಡಾಕ್ಟರು ಒಂದು ಸುದ್ದಿ ತಂದರು. ಇವರು ನಾನು ಹೊನ್ನಾವರದ ಕಡೆ ಕೂರುವ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಘಟ್ಟದ ಮೇಲಿನವರು, ಚಿಕ್ಕ ಪ್ರಾಯ, ನನ್ನನ್ನು ಅಕ್ಕಾ ಅಂತ ಕರೆಯುವವರು. ದೊಡ್ಡ ಪ್ರತಿಷ್ಠಾನವೊಂದು ಸಾರ್ವಜನಿಕ ಆರೋಗ್ಯದ ಅನುದಾನ ಕೊಡುತ್ತದಂತೆ, ಜನ ನಡೆಯುವುದಕ್ಕೆ, ಸೈಕಲ್ ತುಳಿಯುವುದಕ್ಕೆ ಅನುಕೂಲ ಮಾಡುವ ಕೆಲಸಕ್ಕೇ ಅಂತ. ಮಾತ್ರೆಗೆ ದುಡ್ಡು ಕೊಡುವವರನ್ನು ಕಂಡಿದ್ದೆ. ನಡಿಗೆಗೆ ಕೊಡುವವರನ್ನು ಕಂಡಿರಲಿಲ್ಲ. ಸುದ್ದಿ ಕೇಳಿದವಳೇ ಅರ್ಜಿ ಬರೆಯಲು ಕೂತೆ.

ಮೂರು ತಾಲೂಕಿನಲ್ಲಿ ಮೂರು ತುಂಡು ದಾರಿ ಆರಿಸಿದೆವು. ಭಟ್ಕಳದಲ್ಲಿ ಹೆಂಗಸರು ಸಂಜೆ ನಡೆಯುವ ಒಂದು ಹಿತ್ತಿಲ ರಸ್ತೆ. ಅಲ್ಲಿ ದೀಪ ಬೇಕಿತ್ತು, ಮುಚ್ಚಿದ ಗಟಾರ ಬೇಕಿತ್ತು. ಕುಮಟೆಯಲ್ಲಿ ಬಾಡದ ಕಡೆಯಿಂದ ಹೈಸ್ಕೂಲಿಗೆ ಹೋಗುವ ಮಕ್ಕಳ ಸೈಕಲ್ ದಾರಿ. ಅದಕ್ಕೆ ಸೈಕಲ್ಲುಗಳೂ ಬೇಕಿತ್ತು, ಅವನ್ನು ರಿಪೇರಿ ಮಾಡುವವನೂ ಬೇಕಿತ್ತು. ಮೂರನೆಯದು ಈ ಆರೋಗ್ಯ ಕೇಂದ್ರದ ಬೆನ್ನಿಗೇ ಇದ್ದ ಕಾಲುದಾರಿ. ಈ ಊರಿನ ಹೆಸರು ನಾನು ಹೇಳುವುದಿಲ್ಲ. ಅಲ್ಲಿ ನನಗೆ ಇನ್ನೂ ಕೆಲಸವಿದೆ.

ಹೊಳೆಬದಿಯ ಕೇರಿಯಿಂದ ಈ ದಾರಿ ಹೊರಡುತ್ತದೆ. ಹಳ್ಳದ ಮೇಲೆ ಹಾಸಿದ ಒಂದು ಸಂಕ, ಅಂದರೆ ಕಾಲುಸೇತುವೆ, ದಾಟಿ ಗದ್ದೆಯ ಅಂಚಿನ ಮೇಲೆ ಬಂದು, ಒಂದಾದ ಮೇಲೊಂದು ಎರಡು ತೆಂಗಿನ ತೋಟಗಳ ಒಳಗೆ ಹಾದು, ಆರೋಗ್ಯ ಕೇಂದ್ರದ ಹಿಂದಿನ ಬಾಗಿಲಿಗೆ ಬಂದು ಮುಟ್ಟುತ್ತದೆ. ಎಲ್ಲಿಯೂ ಹೆದ್ದಾರಿ ತಾಗುವುದಿಲ್ಲ. ತೋಟದ ಬೇಲಿ ಬಂದಲ್ಲಿ ದಣಪೆ. ಎರಡು ಕಂಬದ ತೂತಿಗೆ ಅಡ್ಡಲಾಗಿ ಬಿದಿರಿನ ಗಳ ತೂರಿಸಿಟ್ಟಿರುತ್ತಾರಲ್ಲ, ಅದು. ಗಳ ಸರಿಸಿ ಒಳಗೆ ಹೋಗಬೇಕು, ದನ ನುಗ್ಗದ ಹಾಗೆ ಮತ್ತೆ ತೂರಿಸಿಡಬೇಕು. ಬಿದ್ದ ಕಾಯಿ ಮುಟ್ಟಬಾರದು. ಕಾಯಿ ಕೊಯ್ಯುವ ದಿನ ಆ ಕಡೆ ಸುಳಿಯಬಾರದು. ಇಷ್ಟು ನಡೆಸಿಕೊಂಡು ಹೋದರೆ ಯಾರು ಯಾರನ್ನೂ ಎಂತಕ್ಕೆ ಬಂದೆ ಎಂದು ಕೇಳುವುದಿಲ್ಲ.

ನಮ್ಮ ಕಡೆ ದಾರಿಯ ವಿಚಾರ ಬಾಯಿಮಾತಿನದ್ದೂ ಅಲ್ಲ, ಬಾಯಿಮುಚ್ಚಿಕೊಂಡಿರುವುದು. ಕೇಳಿದರೆ ಕೇಳಿದವನಿಗೆ ಹಕ್ಕಿಲ್ಲ ಅಂತಾಗುತ್ತದೆ. ಬರೆದುಕೊಟ್ಟರೆ ಕೊಟ್ಟವನ ಹಕ್ಕು ಹೋಗುತ್ತದೆ. ಹಾಗಾಗಿ ಅಜ್ಜನ ಕಾಲದಿಂದ ಇವರು ಕೇಳಿಲ್ಲ, ಅವರು ಕೊಟ್ಟಿಲ್ಲ, ಜನ ಮಾತ್ರ ನಡೆಯುತ್ತಾ ಬಂದಿದ್ದಾರೆ.

ಆ ಕೇರಿಯ ಹೆಂಗಸರದ್ದೊಂದು ನಡಿಗೆಯ ಗುಂಪು ಕಟ್ಟಿದ್ದೆ. ಅದಕ್ಕೆ ಮುಂದಾಳು ಒಣಮೀನು ಮಾರುವ ಹೆಂಗಸು. ಐವತ್ತು ದಾಟಿದ ಪ್ರಾಯ, ಗಟ್ಟಿ ದನಿ, ಯಾರನ್ನಾದರೂ ಎದುರಿಗೇ ಬೈಯುವ ಸ್ವಭಾವ. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದವಳು, ಮಗ ಅಂಗಡಿ ಹಾಕಿಕೊಟ್ಟ ಮೇಲೆ ಕೂತಲ್ಲೇ ಕೂತು ಸಕ್ಕರೆ ಬರಿಸಿಕೊಂಡಿದ್ದಳು. ನಡೆಯಲು ಶುರು ಮಾಡಿದ ಮೇಲೆ ಆ ಸಕ್ಕರೆ ಇಳಿಯಿತು ನೋಡಿ, ಡಾಕ್ಟರೇ ನಂಬಲಿಲ್ಲ. ಎರಡನೇ ಸಲ ರಕ್ತ ತೆಗೆಸಿ ನೋಡಿ ಅರ್ಧ ಮಾತ್ರೆ ನಿಲ್ಲಿಸಿದರು. ಅವಳ ಜೊತೆ ಅವಳ ಓರಗಿತ್ತಿ, ಮೈದುನನ ಹೆಂಡತಿ, ತಪ್ಪದೆ ಬರುತ್ತಿದ್ದಳು. ಇವಳಿಗಿದ್ದದ್ದು ಬಿಪಿ. ಮಾತು ಕಡಿಮೆ. ಮೀನಿನವಳು ಹೇಳಿದ್ದಕ್ಕೆಲ್ಲ ಹೂಂ ಅನ್ನುವವಳು.

ಅರ್ಜಿಯಲ್ಲಿ ನಮ್ಮ ಬಲವೆಲ್ಲ ಈ ಗುಂಪಿನದ್ದೇ. ಸೊಂಟದ ಅಳತೆ, ತೂಕ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಎಲ್ಲ ಮೊದಲಿಗೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ಹಾಕಿದ್ದೆವು. ದಾರಿಯನ್ನೂ ಪೇಶಂಟನ್ನು ಪರೀಕ್ಷೆ ಮಾಡಿದ ಹಾಗೆ ಪರೀಕ್ಷೆ ಮಾಡಬೇಕಿತ್ತು. ಟೇಪು ಹಿಡಿದು ಅಗಲ ಅಳೆದೆ. ಎಲ್ಲಿ ಜಾರುತ್ತದೆ, ಎಲ್ಲಿ ನಾಯಿ ಕಾಟ, ಮಳೆಗಾಲದಲ್ಲಿ ಸಂಕದ ಮೇಲೆ ನೀರು ಹತ್ತುತ್ತದೋ ಇಲ್ಲವೋ, ಕತ್ತಲಾದ ಮೇಲೆ ಹೆಂಗಸರು ಎಲ್ಲಿವರೆಗೆ ಧೈರ್ಯವಾಗಿ ಬರುತ್ತಾರೆ, ಎಲ್ಲ ಬರೆದೆ. ಸಂಕಕ್ಕೆ ಹಿಡಿದುಕೊಳ್ಳಲು ಕಂಬಿ, ಗದ್ದೆಯ ಅಂಚಿಗೆ ಚಿರೆಕಲ್ಲಿನ ಹಾಸು, ತೋಟದೊಳಗೆ ಸೋಲಾರ್ ದೀಪ, ಇಷ್ಟೇ ಕೇಳಿದ್ದು.

ಅರ್ಜಿ ಒಂದು ಸಲ ತಿರುಗಿ ಬಂತು. ದಾರಿ ಶಾಶ್ವತವಾಗಿ ಜನರಿಗೆ ಸಿಗುತ್ತದೆ ಅನ್ನುವುದಕ್ಕೆ ಆಧಾರ ಏನು ಅಂತ ಕೇಳಿದ್ದರು. ಅಜ್ಜನ ಕಾಲದಿಂದ ನಡೆಯುತ್ತಿದ್ದಾರೆ ಎಂದು ಬರೆದರೆ ಅದು ಆಧಾರ ಅಲ್ಲವಂತೆ. ಮತ್ತೆ ಬರೆದೆವು. ಆಮೇಲೆ ಪ್ರತಿಷ್ಠಾನದಿಂದ ಒಬ್ಬರು ಮೇಡಂ ನೋಡಲು ಬಂದರು. ಒಳ್ಳೆಯ ಹೆಂಗಸು, ಅದನ್ನು ಹೇಳಲೇಬೇಕು. ಬಿಸಿಲಲ್ಲಿ ನಮ್ಮ ಜೊತೆ ಪೂರ್ತಿ ದಾರಿ ನಡೆದರು. ಸಂಕ ದಾಟುವಾಗ ಮೀನಿನವಳು ಕೈ ಹಿಡಿದು ದಾಟಿಸಿದಳು. ಅವಳ ಮಾತು ಕೇಳಿ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೋಗುವಾಗ ಅವರು ಎರಡು ಮಾತು ಹೇಳಿದರು. ತೋಟದ ಮಾಲಕರಿಂದ ಒಪ್ಪಿಗೆ ಬರೆಸಿಕೊಳ್ಳಿ, ಮತ್ತು ದಾರಿಯುದ್ದಕ್ಕೂ ಗುರುತು ಹಾಕಿ, ಎಷ್ಟು ದೂರ ನಡೆದೆವು ಅಂತ ಜನರಿಗೆ ಗೊತ್ತಾಗಬೇಕು, ಫೋಟೋದಲ್ಲೂ ಕಾಣಬೇಕು. ಇವೆರಡು ಆದರೆ ಮೂರೂ ತಾಲೂಕಿನದ್ದು ಒಟ್ಟಿಗೆ ಮಂಜೂರು. ಒಟ್ಟಿಗೆ ಅನ್ನುವುದನ್ನು ಒತ್ತಿ ಹೇಳಿದರು. ಒಂದು ಬಿಟ್ಟು ಎರಡು ಕೊಡುವ ಪದ್ಧತಿ ಅವರಲ್ಲಿ ಇಲ್ಲವಂತೆ.

ಒಪ್ಪಿಗೆ ಕೇಳುವುದು ಕಷ್ಟದ ಕೆಲಸ ಅಂತ ನನಗೆ ಗೊತ್ತಿತ್ತು. ಅದನ್ನು ನಿಧಾನಕ್ಕೆ ಮಾಡೋಣ, ಒಂದು ಹಬ್ಬದ ನೆಪ ಮಾಡಿ ಮನೆಗೆ ಹೋಗಿ ಮೆಲ್ಲ ಮಾತು ತೆಗೆಯೋಣ ಅಂದುಕೊಂಡೆ. ಗುರುತಿನ ಕೆಲಸ ಮಾತ್ರ ಪಂಚಾಯಿತಿಯ ಪಿಡಿಓಗೆ ಹೇಳಿದೆ. ಉತ್ಸಾಹದ ಮನುಷ್ಯ. ನಮ್ಮ ಪಂಚಾಯ್ತಿಗೆ ಒಂದು ಒಳ್ಳೆ ಹೆಸರು ಬರಲಿ ಮೇಡಂ ಅಂತ ಮೊದಲ ದಿನದಿಂದ ಹಿಂದೆ ಬಿದ್ದಿದ್ದರು. ಸಣ್ಣ ಹಲಗೆ ಮಾಡಿಸಿ ಗೂಟಕ್ಕೆ ಹೊಡೆಸಿ ಅಂದೆ. ಆಗಲಿ ಅಂದರು.

ಹಲಗೆ ಮಾಡಿಸಲು ತಡವಾಗುತ್ತದೆ ಅಂತ ಆ ಮಹಾನುಭಾವರು ನೀರು ಬಿಡುವವನ ಕೈಯಲ್ಲಿ ಬಣ್ಣದ ಡಬ್ಬಿ ಕೊಟ್ಟು ಕಳಿಸಿದರು. ನೀರಿನ ಟಾಂಕಿಯ ಕಟಕಟೆಗೆ ಹೊಡೆದು ಮಿಕ್ಕಿದ್ದ ಕೆಂಪು ಬಣ್ಣ. ಅವನು ಸಂಕದಿಂದ ಶುರು ಮಾಡಿ ಎರಡೂ ತೋಟದ ತೆಂಗಿನ ಮರಗಳಿಗೆ ಸೊಂಟದ ಎತ್ತರದಲ್ಲಿ ಒಂದೊಂದು ಬಾಣ ಬರೆದು, ಕೆಳಗೆ ದೂರದ ಅಂಕಿ ಹಾಕುತ್ತಾ ಬಂದ. ನಾನು ಆ ದಿನ ಬಾಡದ ಕಡೆ ಹೈಸ್ಕೂಲಿನಲ್ಲಿ ಎಷ್ಟು ಮಕ್ಕಳಿಗೆ ಸೈಕಲ್ ತುಳಿಯಲು ಬರುತ್ತದೆ ಅಂತ ಕೇಳುತ್ತಾ ಇದ್ದೆ.

ಈ ಕರಾವಳಿಯಲ್ಲಿ ಮರದ ಮೇಲೆ ಕೆಂಪು ಬಣ್ಣ, ಕೆಳಗೊಂದು ಅಂಕಿ ಅಂದರೆ ಏನು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಹೆದ್ದಾರಿ ಅಗಲ ಮಾಡುವಾಗ ಹಾಗೇ ಬರೆದಿದ್ದರು. ಬರೆದ ಮರ ಹೋಯಿತು, ಬರೆದ ಗೋಡೆ ಹೋಯಿತು, ಬಾವಿಗೆ ಬರೆದರೆ ಬಾವಿ ಹೋಯಿತು. ಪಿಡಿಓ ಬಯಲುಸೀಮೆಯಿಂದ ಹೊಸದಾಗಿ ಬಂದವರು, ಅವರಿಗೆ ಅದು ಬರೀ ಬಣ್ಣ. ಆದರೆ ಬರೆದವನು ಇಲ್ಲಿಯವನೇ. ಅವನ ಮನೆಯ ಜಗಲಿಯೇ ಆ ಬಣ್ಣಕ್ಕೆ ಹೋಗಿತ್ತು. ಆಮೇಲೆ ಅವನನ್ನು ಹಿಡಿದು, ನಿನಗಾದರೂ ಹೊಳೆಯಲಿಲ್ಲವಾ ಅಂತ ಬಾಯಿಗೆ ಬಂದಂತೆ ಬೈದೆ. ಸಾಹೇಬರು ಬರೆ ಅಂದ್ರು, ಬರ್ದೆ ಅಂದ. ಜಗಲಿ ಹೋದ ದಿನವೂ ಸಾಹೇಬರು ಬರೆ ಅಂದದ್ದಕ್ಕೇ ಯಾರೋ ಬರೆದಿದ್ದರು.

ಮರುದಿನ ಬೆಳಿಗ್ಗೆ ನಾನು ಬಸ್ಸಿನಲ್ಲಿರುವಾಗ ಮೀನಿನವಳ ಫೋನು ಬಂತು.

“ಅಕ್ಕೋರೆ, ದಣಪೆ ಮುಚ್ಚಿದ್ರು. ಗಳಕ್ಕೆ ತಂತಿ ಸುತ್ತಿ ಮುಳ್ಳು ಹಾಕೀರು. ಎಂತ ಮಾಡ್ಕಂಡ್ರಿ ನೀವು?”

ನೇರ ಮೊದಲನೇ ತೋಟದ ಯಜಮಾನರ ಮನೆಗೆ ಹೋದೆ. ಎಪ್ಪತ್ತರ ಹತ್ತಿರದವರು, ತೋಟ ನೋಡಿಕೊಂಡು ಊರಿನ ಸೊಸೈಟಿಯಲ್ಲೂ ಓಡಾಡುವವರು. ಮನೆಯ ಮುಂಭಾಗವನ್ನು ಹೆದ್ದಾರಿಗೆ ಕಳೆದುಕೊಂಡ ಮೇಲೆ ಹಿಂದಿನ ಬಾಗಿಲನ್ನೇ ಮುಂದಿನದು ಮಾಡಿಕೊಂಡಿದ್ದರು. ಕೂರಿಸಿದರು, ಕುಡಿಯಲು ಆಸರಿಗೆ ಕೊಡಿಸಿದರು, ನನ್ನ ತವರಿನವರ ಕ್ಷೇಮ ಕೇಳಿದರು. ಮಾತು ನಮ್ಮ ಮನೆಮಾತಿಗೆ ಹೊರಳಿತು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಾವ, ಇದು ರಸ್ತೆಯಲ್ಲ, ನಡಿಗೆಯ ಗುರುತು, ಸಕ್ಕರೆ ಕಾಯಿಲೆಯವರಿಗೆ ಅಂತ ಮತ್ತೆ ಮತ್ತೆ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: “ತಂಗಿ, ನಡೆವವ್ಕೆ ಆನು ಯಾವತ್ತೂ ಬೇಡ ಹೇಳಿದ್ನಿಲ್ಲೆ. ಮೊದ್ಲು ಹೆದ್ದಾರಿಗೆ ಹೇಳಿ ಬಂದವ್ವೂ ಹೀಂಗೇ ಕೂತು ‘ಬರೀ ಗುರುತು’ ಹೇಳಿದ್ದ. ಕಾಗದದಲ್ಲಿ ದಾರಿ ಇದ್ದು ಹೇಳಿ ಆದ್ರೆ ಅದು ಯನ್ನ ತೋಟ ಅಲ್ಲ.”

ಹಿಂದೆ ಸಂಕದ ಹತ್ತಿರ ನಾನು ಟೇಪು ಹಿಡಿದದ್ದನ್ನೂ ಅವರು ನೋಡಿದ್ದರು. ಆಗ ಸುಮ್ಮನಿದ್ದರಂತೆ, ಹೆಣ್ಣುಮಗಳು ಏನೋ ಅಳೆಯುತ್ತಾಳೆ ಅಂತ. ಟೇಪು, ಆಮೇಲೆ ಕಾರಿನಲ್ಲಿ ಬಂದ ಮೇಡಂ, ಆಮೇಲೆ ಕೆಂಪು ಬಣ್ಣ. ಹೆದ್ದಾರಿಯ ಸಲ ಬಂದದ್ದೂ ಇದೇ ಕ್ರಮದಲ್ಲಿ. ಅವರ ಜಾಗದಲ್ಲಿ ನಾನಿದ್ದರೂ ಮುಳ್ಳು ಹಾಕುತ್ತಿದ್ದೆ.

ಎರಡನೇ ತೋಟದ ಮಾಲಕರು ಮುಂಬೈಯಲ್ಲಿರುವವರು. ಅಲ್ಲಿ ಇದ್ದದ್ದು ಒಬ್ಬ ಆಳು. ಮೇಲಿನ ತೋಟದವರು ತೆಗೆದರೆ ನಾವೂ ತೆಗೀತೇವೆ ಅಂದ. ಅವನು ಹಸಿರು ನೆಟ್ ಕಟ್ಟಿದ್ದ ಅಷ್ಟೇ. ಅದನ್ನು ನಂಬಿ ನಾನು ಮೊದಲನೆಯವರ ಹಿಂದೆ ಬಿದ್ದೆ.

ಪಿಡಿಓಗೆ ಪಾಪ ಬಹಳ ಬೇಜಾರಾಗಿತ್ತು. ಬಣ್ಣ ತೆಗೆಸುತ್ತೇನೆ ಅಂತ ಹೊರಟರು. ತಂತಿಯ ಬ್ರಶ್ ಹಾಕಿ ಉಜ್ಜಿದರೆ ಮರದ ಸಿಪ್ಪೆ ಎದ್ದು ಗುರುತು ಇನ್ನೂ ಎದ್ದು ಕಂಡಿತು. ಮೇಲಿಂದ ಸುಣ್ಣ ಬಳಿದರು. ಬಿಳಿಯ ಚೌಕದೊಳಗೆ ನಸುಗೆಂಪು ಬಾಣ ಹಾಗೇ ಕಂಡಿತು. ಕೇರಿಯ ಕಡೆಯವರೇ ಈಗ ಬೇರೆ ಮಾತಾಡತೊಡಗಿದರು. ಇಷ್ಟು ಕಷ್ಟಪಟ್ಟು ಅಳಿಸುತ್ತಾರೆಂದರೆ ಒಳಗೆ ಏನೋ ಇದೆ ಅಂತ. ಪಂಚಾಯಿತಿಯಿಂದ ಸ್ವಾಧೀನದ ಪ್ರಸ್ತಾವ ಇಲ್ಲ ಅಂತ ಬರೆದು ಮೊಹರು ಒತ್ತಿ ಕೊಟ್ಟೆವು. ಯಜಮಾನರು ಓದಿ, ಇದರಲ್ಲೂ ಯನ್ನ ಸರ್ವೆ ನಂಬರ್ ಬರೆದಿದ್ದಿ ಅಂದರು.

ಡಾಕ್ಟರದ್ದು ಬೇರೆ ದಾರಿ. ತಹಶೀಲ್ದಾರರಿಗೆ ಅರ್ಜಿ ಕೊಡೋಣ, ಇಷ್ಟು ವರ್ಷದಿಂದ ಜನ ನಡೆದ ದಾರಿ, ಮುಚ್ಚಲು ಇವರಿಗೆ ಅಧಿಕಾರ ಎಲ್ಲಿಯದು ಅಂದರು. ಹೊನ್ನಾವರದ ಪರಿಚಯದ ವಕೀಲರನ್ನು ಕೇಳಿದೆ. ಕಾನೂನು ನಿಮ್ಮ ಕಡೆ ಇರಬಹುದು, ಆದರೆ ಅರ್ಜಿ ಬಿದ್ದ ದಿನ ಅವರು ಕೋರ್ಟಿಗೆ ಹೋಗುತ್ತಾರೆ, ತಡೆ ತರುತ್ತಾರೆ, ತೀರ್ಮಾನ ಆಗುವ ಹೊತ್ತಿಗೆ ನಿಮ್ಮ ಪೇಶಂಟು ಇರುತ್ತಾರೋ ಇಲ್ಲವೋ ಅಂದರು. ತಮಾಷೆಗೆ ಅಂದದ್ದಲ್ಲ.

ಅಷ್ಟರಲ್ಲಿ ಗುಂಪು ಒಡೆಯಿತು. ದಾರಿ ತೆರೆಯುವವರೆಗೆ ನಡಿಗೆ ಬೇಡ, ಮನೆಯಲ್ಲೇ ಕೈಕಾಲು ಆಡಿಸಿ ಅಂತ ನಾನೇ ಹೇಳಿದ್ದೆ. ಹೆಚ್ಚಿನವರು ಬಿಟ್ಟರು. ಮೀನಿನವಳು ಬಿಡಲಿಲ್ಲ. ಓರಗಿತ್ತಿಯನ್ನು ಕಟ್ಟಿಕೊಂಡು ಸಂಜೆ ಹೆದ್ದಾರಿಯ ಅಂಚಿನಲ್ಲೇ ಆರೋಗ್ಯ ಕೇಂದ್ರದವರೆಗೆ ಬಂದು ಹೋಗತೊಡಗಿದಳು. ಡಾಂಬರಿನ ಬಿಳಿ ಪಟ್ಟಿಗೂ ಗಟಾರಕ್ಕೂ ನಡುವೆ ಒಬ್ಬರು ನಡೆಯುವಷ್ಟು ಜಾಗ, ಅದರಲ್ಲೂ ಜಲ್ಲಿ. ಗಾಡಿಗಳು ಬರುವುದು ಬೆನ್ನ ಹಿಂದಿನಿಂದ. ನಾನು ಗದರಿದೆ. ಸಕ್ಕರೆ ಎಂತ ರಜೆ ಕೊಡ್ತದಾ ಅಂತ ಕೇಳಿದಳು. ಆ ಮಾತು ಅವಳಿಗೆ ಕಲಿಸಿದವಳು ನಾನೇ.

ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅನುದಾನ ಬಂದರೂ ಬರದಿದ್ದರೂ ಆ ದಾರಿ ಇತ್ತು, ಜನ ನಡೆಯುತ್ತಿದ್ದರು. ನಾವು ಅದನ್ನು ಕಾಗದಕ್ಕೆ ಹತ್ತಿಸಲು ಹೋದದ್ದಕ್ಕೇ ಅದು ಮುಚ್ಚಿದ್ದು. ಕಾಗದದಿಂದ ಇಳಿಸಿದರೆ ತೆರೆಯಬಹುದು. ಇಳಿಸಿದರೆ ಅನುದಾನ ಇಲ್ಲ. ಭಟ್ಕಳದ ದೀಪವಿಲ್ಲ, ಬಾಡದ ಮಕ್ಕಳಿಗೆ ಸೈಕಲ್ ಇಲ್ಲ.

ಮತ್ತೆ ಯಜಮಾನರ ಮನೆಗೆ ಹೋಗಿ ನೇರವಾಗಿ ಕೇಳಿದೆ. ನಕ್ಷೆಯಿಂದ ನಿಮ್ಮ ತೋಟ ತೆಗೆದರೆ ದಣಪೆ ತೆರೆಯುತ್ತೀರಾ ಅಂತ. ತೆಗೆದದ್ದಕ್ಕೆ ಕಾಗದ ತೋರಿಸಲೇ ಅಂದೆ.

“ಕಾಗದ ಎಂತಕ್ಕೆ? ನೀ ಹೇಳಿದ್ರೆ ಆತು,” ಅಂದರು.

ಸಂಸ್ಥೆಯ ಹಿರಿಯರಿಗೆ ಫೋನು ಮಾಡಿ ಹೇಳಿದೆ. ಅವರು, ಮೂರೂ ಕಡೆ ಓಡಾಡಿದವಳು ನೀನು, ನೀನೇ ನಿರ್ಧಾರ ಮಾಡು ಅಂದರು. ಮಧ್ಯಾಹ್ನ ಊಟದ ಹೊತ್ತಿಗೆ ಪ್ರತಿಷ್ಠಾನಕ್ಕೆ ಬರೆದೆ. ಹೊನ್ನಾವರದ ದಾರಿಯನ್ನು ಅರ್ಜಿಯಿಂದ ಹಿಂತೆಗೆದುಕೊಳ್ಳುತ್ತಿದ್ದೇವೆ, ನಕ್ಷೆಯನ್ನು ನಿಮ್ಮ ಕಡತದಿಂದಲೂ ತೆಗೆಯಬೇಕು, ಉಳಿದೆರಡನ್ನು ದಯವಿಟ್ಟು ಪರಿಗಣಿಸಿ ಅಂತ. ಮೇಡಂ ಫೋನು ಮಾಡಿದರು. ಅವರಿಗೂ ದುಃಖವಾಗಿತ್ತು, ದನಿಯಲ್ಲೇ ತಿಳಿಯುತ್ತಿತ್ತು. ಮೂರು ಸೇರಿದ್ದಕ್ಕೇ ಆಯ್ಕೆಯಾಗಿತ್ತು, ಎರಡನ್ನು ಹೊಸದಾಗಿ ಕೇಳಬೇಕಾದರೆ ಮುಂದಿನ ಸುತ್ತಿಗೆ ಕಾಯಬೇಕು, ಆ ಸುತ್ತು ಯಾವಾಗ, ಇದೆಯೋ ಇಲ್ಲವೋ ತನಗೂ ಗೊತ್ತಿಲ್ಲ ಅಂದರು.

ಡಾಕ್ಟರು ನನ್ನ ಜೊತೆ ಮಾತು ಬಿಟ್ಟರು. ಬಿಡುವ ಮೊದಲು ಒಂದು ಮಾತು ಹೇಳಿದರು, ಒಬ್ಬ ಭೂಮಾಲಕರ ಹಟಕ್ಕೆ ಮೂರು ತಾಲೂಕಿನ ಜನರನ್ನು ಕೊಟ್ಟುಬಿಟ್ಟಿರಿ ಅಕ್ಕಾ ಅಂತ. ನಾನು ಕೊಟ್ಟದ್ದು ಹಟಕ್ಕಲ್ಲ, ದಾರಿಗೆ ಅಂದೆ. ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಬಾಡದ ಕಡೆಯ ಹೆಡ್ಮಾಸ್ತರಿಗೆ ಸೈಕಲ್ ಬರುವುದಿಲ್ಲ ಅಂತ ಹೇಳಲು ನಾನೇ ಹೋದೆ. ಮಕ್ಕಳಿಗೆ ಹೇಳಿಬಿಟ್ಟಿದ್ದೆನಲ್ಲ ಮೇಡಂ ಅಂತ ಅವರು ಕೂತಲ್ಲೇ ಸಣ್ಣಗಾದರು.

ಯಜಮಾನರು ಮಾತಿಗೆ ತಪ್ಪಲಿಲ್ಲ. ನಾನು ಹೇಳಿದ ಮರುದಿನವೇ ಮುಳ್ಳು ತೆಗೆಸಿ, ತಂತಿ ಬಿಚ್ಚಿಸಿ, ಲಡ್ಡಾಗಿ ಮುರಿಯುವಂತಿದ್ದ ಗಳವನ್ನೂ ಬದಲಿಸಿದರು. ಮೀನಿನವಳಿಗೆ ಫೋನು ಮಾಡಿ ಹೇಳಿದೆ. ನೀವೂ ಬನ್ನಿ, ಒಟ್ಟಿಗೆ ನಡೆಯೋಣ ಅಂದಳು. ಆ ಸಂಜೆ ನಾವು ಮೂವರು, ಅವಳು, ಓರಗಿತ್ತಿ, ನಾನು, ಸಂಕ ದಾಟಿ, ಗದ್ದೆ ದಾಟಿ, ಗಳ ಸರಿಸಿ ತೋಟದೊಳಗೆ ಬಂದೆವು. ಅವಳು ದಾರಿಯುದ್ದಕ್ಕೂ ಪಿಡಿಓವನ್ನು ಬೈಯುತ್ತಾ ಬಂದಳು. ಓರಗಿತ್ತಿ ಸಣ್ಣಗೆ ನಗುತ್ತಿದ್ದಳು. ಎಷ್ಟೋ ವಾರಗಳ ಮೇಲೆ ನನಗೆ ಉಸಿರಾಡಿದ ಹಾಗಾಗಿತ್ತು.

ಮೊದಲನೇ ತೋಟ ಮುಗಿದಲ್ಲಿ ಗೋಡೆ ಇತ್ತು. ಚಿರೆಕಲ್ಲಿನದು, ತಲೆಗಿಂತ ಎತ್ತರ, ಸಿಮೆಂಟು ಇನ್ನೂ ಹಸಿ. ತೋಟದ ಈ ತುದಿಯಿಂದ ಆ ತುದಿಯವರೆಗೆ ಒಂದು ಬಾಗಿಲೂ ಇಲ್ಲದೆ ಎಬ್ಬಿಸಿದ್ದರು. ಎರಡನೇ ತೋಟದ ಆಳು ಮರದ ಮೇಲಿನ ಬಾಣಗಳ ಫೋಟೋ ತೆಗೆದು ಮುಂಬೈಗೆ ಕಳಿಸಿದ್ದನಂತೆ. ಅಲ್ಲಿಂದ ಫೋನಿನಲ್ಲೇ ಕಲ್ಲು ಬಂತು, ಮೇಸ್ತ್ರಿ ಬಂದ. ಮೇಲಿನ ತೋಟದವರು ತೆಗೆದರೆ ನಾವೂ ತೆಗೀತೇವೆ ಅಂದವನು ಅಲ್ಲೇ ನಿಂತು, ನಾನೆಂತ ಮಾಡ್ಲಿ, ಹೇಳ್ದಾಂಗೆ ಮಾಡುವವ ಅಂದ.

ಮಾಲಕರ ಜೊತೆ ಫೋನಿನಲ್ಲಿ ಮಾತಾಡಿದೆ. ತುಂಬಾ ಮರ್ಯಾದೆಯ ಮನುಷ್ಯ. ನಕ್ಷೆ ಹಿಂತೆಗೆದದ್ದನ್ನು ಹೇಳಿದೆ, ಇವರಿಗೆ ಕಾಗದವನ್ನೂ ಕಳಿಸಿದೆ. ಎಲ್ಲ ಕೇಳಿ ಹೇಳಿದರು: “ನಿಮ್ಮ ಮಾತು ನಾನು ನಂಬ್ತೇನೆ ಮೇಡಂ. ಆದ್ರೆ ಗೋಡೆ ಕಟ್ಟಿ ಆಯ್ತಲ್ಲ, ಇನ್ನು ಒಡೆಯೂದು ಯಾಕೆ?”

ಅವರು ಸಿಟ್ಟು ಮಾಡಿದ್ದರೆ ಜಗಳವಾಡಬಹುದಿತ್ತು. ಯಜಮಾನರೂ ಅವರಿಗೆ ಎರಡು ಸಲ ಹೇಳಿ ನೋಡಿದರು. ಬೇಲಿಯಾಗಿದ್ದರೆ ಮಾತು ಕೇಳುತ್ತಿತ್ತು. ಗೋಡೆ ಎದ್ದ ಮೇಲೆ ಅದು ಆಸ್ತಿಯ ಲೆಕ್ಕಕ್ಕೆ ಸೇರಿಹೋಯಿತು.

ಹೆಂಗಸರು ಇಬ್ಬರೂ ಮತ್ತೆ ಹೆದ್ದಾರಿಗೆ ಇಳಿದರು. ಈ ಸಲ ನಾನು ಎಷ್ಟು ಗದರಿದರೂ ಮೀನಿನವಳು ನಕ್ಕುಬಿಟ್ಟಳು. ಬಿಳಿ ಪಟ್ಟಿಯ ಹೊರಗೇ ಒಬ್ಬರ ಹಿಂದೆ ಒಬ್ಬರು ನಡೀತೇವೆ, ನೀವು ಹೆದರ್ಬೇಡಿ ಅಂದಳು. ಡಾಕ್ಟರು ಆರೋಗ್ಯ ಕೇಂದ್ರದ ಸಾಮಗ್ರಿಯ ಖರ್ಚಿನಲ್ಲಿ ಹೊಳೆಯುವ ಪಟ್ಟಿಯಿದ್ದ ಎರಡು ಜಾಕೆಟ್ ತರಿಸಿಕೊಟ್ಟರು, ನನ್ನ ಕೈಗೆ ಕೊಡದೆ ನರ್ಸಿನ ಕೈಯಲ್ಲಿ. ಸೀರೆಯ ಮೇಲೆ ಅದನ್ನು ಹಾಕಿಕೊಂಡು ಇಬ್ಬರೂ ರಸ್ತೆ ಕೆಲಸದವರ ಹಾಗೆ ಕಾಣುತ್ತಿದ್ದರು.

ಮಳೆ ಹಿಡಿಯುವ ಮೊದಲು ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಒಂದು ಕಾರು ಲಾರಿಯನ್ನು ಎಡಗಡೆಯಿಂದ ಹಿಂದೆ ಹಾಕಲು ಹೋಗಿ ಬಿಳಿ ಪಟ್ಟಿಯ ಹೊರಗೆ ಬಂತು. ಹಿಂದೆ ನಡೆಯುತ್ತಿದ್ದವಳು ಓರಗಿತ್ತಿ. ಡಾಕ್ಟರೇ ಓಡಿಹೋಗಿ, ರಸ್ತೆಯಲ್ಲೇ ಕೂತು ಮಾಡಬೇಕಾದ್ದನ್ನೆಲ್ಲ ಮಾಡಿ ಆಂಬುಲೆನ್ಸಿಗೆ ಹತ್ತಿಸಿದರು. ತೆಂಕು ದಿಕ್ಕಿನ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದರು. ಭಟ್ಕಳ ದಾಟುವ ಹೊತ್ತಿಗೆ ಜೀವ ಹೋಗಿತ್ತು.

ನಾನು ಮಣ್ಣಿಗೆ ಹೋಗಿದ್ದೆ. ಯಾರೂ ನನಗೆ ಏನೂ ಅನ್ನಲಿಲ್ಲ. ಕೂರಲು ಮಣೆ ಕೊಟ್ಟರು. ಅವಳ ಗಂಡ ಡಾಕ್ಟರ ಕೈ ಹಿಡಿದು ಅತ್ತ. ಮೀನಿನವಳು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದಳು. ಬರುವಾಗ ಡಾಕ್ಟರು ಗಾಡಿ ನಿಲ್ಲಿಸಿ, ಬನ್ನಿ ಅಕ್ಕಾ, ಬಿಡ್ತೇನೆ ಅಂದರು. ಅಲ್ಲಿಂದ ಮತ್ತೆ ಮಾತು ಶುರುವಾಯಿತು. ಅದಕ್ಕೆ ಇಂಥ ಕಾರಣ ಬೇಕಿತ್ತಾ?

ಮೀನಿನವಳು ಬಹಳ ದಿನ ಆರೋಗ್ಯ ಕೇಂದ್ರಕ್ಕೆ ಬರಲಿಲ್ಲ. ಮಾತ್ರೆಯನ್ನು ಮಗ ತೆಗೆದುಕೊಂಡು ಹೋಗುತ್ತಿದ್ದ. ಮಳೆ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಅವಳೇ ಬಂದಳು. ಮೈ ಇಳಿದಿತ್ತು, ಕಣ್ಣು ಒಳಗೆ ಹೋಗಿತ್ತು. ರಕ್ತ ತೆಗೆಸಿ ನೋಡಿದರೆ ಸಕ್ಕರೆ ಗುಂಪು ಕಟ್ಟುವ ಮೊದಲು ಇದ್ದದ್ದಕ್ಕಿಂತಲೂ ಮೇಲೆ ಹೋಗಿತ್ತು. ಡಾಕ್ಟರು ಇನ್ಸುಲಿನ್ ಶುರು ಮಾಡಿ ನನ್ನ ಕಡೆ ಕಳಿಸಿದರು. ಚೀಟಿಯ ಕೆಳಗೆ ‘ನಡಿಗೆ’ ಅನ್ನುವ ಶಬ್ದ ಬರೆದಿರಲಿಲ್ಲ.

ಹೊಟ್ಟೆಯ ಮೇಲೆ ಚರ್ಮ ಹಿಡಿದು ಸೂಜಿ ಹೇಗೆ ಹಾಕಬೇಕು, ದಿನಾ ಜಾಗ ಹೇಗೆ ಬದಲಿಸಬೇಕು, ಫ್ರಿಜ್ ಇಲ್ಲದಿದ್ದರೆ ನೀರಿನ ಮಡಕೆಯ ಹತ್ತಿರ ಬಾಟಲಿ ಹೇಗೆ ಇಡಬೇಕು, ಚುಚ್ಚಿಕೊಂಡು ಊಟ ಬಿಟ್ಟರೆ ಏನಾಗುತ್ತದೆ, ಎಲ್ಲ ಹೇಳಿದೆ. ಅವಳು ಎಲ್ಲದಕ್ಕೂ ಹೂಂ ಅಂದಳು. ಮೊದಲು ಹೀಗೆ ಹೂಂ ಅನ್ನುತ್ತಿದ್ದವಳು ಓರಗಿತ್ತಿ. ಕೊನೆಗೆ ಅವಳೇ ಕೇಳಿದಳು.

“ನಡೆಯೂದು, ಅಕ್ಕೋರೆ?”

“ನಡೆಯೂದು ಬೇಡ,” ಅಂದೆ. “ಇನ್ನು ಆ ರಸ್ತೆಯಲ್ಲಿ ನಡೀಬೇಡ.”

ಈ ಕೆಲಸಕ್ಕೆ ಸೇರಿದ ಮೇಲೆ, ದಾರಿ ತೆರೆಯುವವರೆಗೆ ಅಂತ ಸೇರಿಸದೆ, ಒಬ್ಬ ಪೇಶಂಟಿಗೆ ನಾನು ಈ ಮಾತು ಹೇಳಿದ್ದು ಅದೇ ಮೊದಲು. ಅವಳು ವಾದ ಮಾಡುತ್ತಾಳೆ, ಬೈಯುತ್ತಾಳೆ ಅಂತ ಕಾದೆ.

“ಆತು,” ಅಂದಳು.

ಇನ್ಸುಲಿನ್ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಆಟೋ ಹೇಳುತ್ತೇನೆ ಅಂದೆ. ಇಷ್ಟಕ್ಕೆ ಎಂತ ಆಟೋ ಅಂದಳು. ಗೋಡೆ ಎದ್ದ ಮೇಲೆ ಕೇರಿಗೆ ಹೋಗಲು ಹಿಂದಿನ ಬಾಗಿಲಿನ ದಾರಿ ಇಲ್ಲ. ಅವಳು ಮುಂದಿನ ಮೆಟ್ಟಿಲು ಇಳಿದು, ಹೆದ್ದಾರಿಯ ಅಂಚಿಗೆ ಹೋಗಿ, ಬಿಳಿ ಪಟ್ಟಿಯ ಹೊರಗೆ ನಿಂತು ಒಮ್ಮೆ ಹಿಂತಿರುಗಿ ನೋಡಿ, ಮನೆಯ ಕಡೆ ನಡೆಯತೊಡಗಿದಳು.